ವಡಾಲದ ಗೋಡೆಗೆ ಯಾರ ಚಿತ್ರ?

ನಾನು ಮುಂಬಯಿಗೆ ಹೊರಟದ್ದು ತೀರ್ಪು ಕೊಡಲು. ಕೇಳಿದವರೆಲ್ಲ ನಕ್ಕರು. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ ನಿವೃತ್ತಳಾದವಳು ನಾನು. ಸೀಟಿ ಊದಿ ಕೊಟ್ಟ ತೀರ್ಪು ಬಿಟ್ಟರೆ ಬೇರೆ ಅನುಭವವಿಲ್ಲ. ಆದರೆ ತಂಗಿ ವಸಂತಳ ಗಂಡ ಶೇಷಾದ್ರಿ ಫೋನಿನಲ್ಲಿ ಗೋಗರೆದಿದ್ದರು. ವಡಾಲದಲ್ಲಿ ಅವರಿರುವ ಬಿಲ್ಡಿಂಗಿನ ಕನ್ನಡದವರು ಸೇರಿ ಒಂದು ಚರ್ಚಾಕೂಟ ಇಟ್ಟುಕೊಂಡಿದ್ದರು. ವಿಷಯ, ‘ಇಂದಿನ ನಮ್ಮ ಸಂಸ್ಕೃತಿಗೆ ಅತ್ಯಂತ ಪ್ರಸ್ತುತವಾದ ಕ್ರೀಡಾತಾರೆ ಯಾರು?’ ಗೆದ್ದ ತಾರೆಯ ಚಿತ್ರವನ್ನು ಕಾಂಪೌಂಡ್ ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸುವ ಯೋಜನೆ. “ನೀವು ಬಂದ್ರೆ ಕಾರ್ಯಕ್ರಮಕ್ಕೆ ಒಂದು ತೂಕ ಅತ್ತಿಗೆ. ನೀವು ಆಟ ಆಡಿದವರು,” ಎಂದರು. ವಸಂತಳನ್ನು ನೋಡಿ ಬಹಳ ದಿನವಾಗಿತ್ತು, ಹೂಂ ಅಂದುಬಿಟ್ಟೆ.

ಗುರುವಾರ ರೈಲು ಹತ್ತಿದೆ. ಮೈಸೂರಿನಿಂದ ದಾದರಿಗೆ ಒಂದು ಹಗಲು, ಒಂದು ರಾತ್ರಿಯ ದಾರಿ. ಅರಸೀಕೆರೆ ದಾಟುವಷ್ಟರಲ್ಲಿ ಚಿತ್ರಾನ್ನದ ಡಬ್ಬಿ ಅರ್ಧ ಖಾಲಿಯಾಗಿತ್ತು. ಎದುರು ಸೀಟಿನಲ್ಲಿ ಔಷಧ ಕಂಪನಿಯ ಒಬ್ಬ ಯುವಕನಿದ್ದ. ಹೋಗುತ್ತಿರುವ ಕಾರಣ ಹೇಳಿದ್ದೇ ತಡ, “ಅದರಲ್ಲಿ ಚರ್ಚೆ ಮಾಡೋದೇನಿದೆ ಮೇಡಂ?” ಎಂದು ಕ್ರಿಕೆಟ್ ಬ್ಯಾಟ್ಸ್‌ಮನ್ ಒಬ್ಬನ ಹೆಸರು ಹೇಳಿ, ಅವನ ಗಡ್ಡ, ಅವನ ಹೆಂಡತಿ, ಅವನು ಕುಡಿಯುವ ನೀರು ಎಲ್ಲದರ ವರದಿ ಒಪ್ಪಿಸಿದ. ಹಾವೇರಿ ಬಂದರೂ ಆಟದ ಮಾತು ಬರಲಿಲ್ಲ. ನೀನು ಯಾವ ಆಟ ಆಡುತ್ತೀಯಪ್ಪ ಎಂದು ಕೇಳಿದೆ. “ಟೈಮೆಲ್ಲಿದೆ ಮೇಡಂ?” ಎಂದು ಮೊಬೈಲ್ ತೆಗೆದು ಹಳೆಯ ಮ್ಯಾಚ್ ಹಾಕಿಕೊಂಡು ಕೂತ.

ಈ ಬರಹದಲ್ಲಿ ಯಾವ ತಾರೆಯ ಹೆಸರನ್ನೂ ನಾನು ಬರೆಯುವುದಿಲ್ಲ. ಪಾಪ, ಬೆವರು ಹರಿಸಿ ಆಡಿದವರು ಅವರು. ಮುಂದೆ ನಡೆದ ಅಸಹ್ಯದಲ್ಲಿ ಅವರ ಪಾಲು ಒಂದಿಷ್ಟೂ ಇಲ್ಲ.

ಶುಕ್ರವಾರ ಬೆಳಿಗ್ಗೆ ದಾದರಿನಲ್ಲಿ ಇಳಿದೆ. ಮಳೆ ಹಿಂದೆಗೆದು ಸೆಕೆ ಶುರುವಾದ ದಿನಗಳು. ಸ್ಟೇಷನ್ನಿನ ಆಚೆ ಹೂವಿನ ಮಾರ್ಕೆಟ್ಟಿನಲ್ಲಿ ಚೆಂಡುಹೂವಿನ ರಾಶಿಗಳ ನಡುವೆ ಜನ ಒಬ್ಬರನ್ನೊಬ್ಬರು ನೂಕಿಕೊಂಡು ಓಡುತ್ತಿದ್ದರು. ಟ್ಯಾಕ್ಸಿಯವನು ವಡಾಲ ಹತ್ತಿರ ಅಂತ ಮುಖ ಸಿಂಡರಿಸಿದ; ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಕೊಡುತ್ತೇನೆ ಎಂದ ಮೇಲೆ ಡಿಕ್ಕಿ ತೆಗೆದ. ವಸಂತ ಗೇಟಿನಲ್ಲೇ ನಿಂತಿದ್ದಳು. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದ್ದಳು. ಎಡಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಕಾಲೇಜಿನಲ್ಲಿ ನಾವಿಬ್ಬರೂ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆವು. ಹಳದಿ ಉಣ್ಣೆಯ ಚೆಂಡು, ಒಂದು ಕಡೆಗೆ ಐದು ಜನ. ನಮ್ಮ ಕಡೆ ಬೀದಿಬೀದಿಯಲ್ಲಿ ಆಡುತ್ತಿದ್ದ ಆಟ. ಈಗ ಹೆಸರು ಹೇಳಿದರೆ ಶಟಲ್ಲಾ ಎಂದು ಕೇಳುತ್ತಾರೆ. ವಸಂತ ಆಗ ಅಂಗಳದಲ್ಲಿ ಜಿಂಕೆಯ ಹಾಗೆ ಓಡುತ್ತಿದ್ದಳು.

“ಸಂಜೆ ಒಂದು ತಮಾಷೆ ತೋರಿಸ್ತೀನಿ ಇರು ಅಕ್ಕ,” ಎಂದಳು.

ತಮಾಷೆಯ ಹೆಸರು ರುಬೀನಾ. ಗೇಟಿನ ಪಕ್ಕದಲ್ಲಿ ಗಾದಿ, ಸೋಫಾ ಹೊಲಿಯುವ ಅಂಗಡಿ ಇಟ್ಟಿರುವ ಬಿಜಾಪುರದ ಮಹಬೂಬ್ ಅವರ ಮಗಳು. ಹತ್ತನೆಯ ತರಗತಿ ಮುಗಿಸುವ ವಯಸ್ಸು. ಬಿಲ್ಡಿಂಗಿನ ಹಿಂಭಾಗದಲ್ಲಿ ಕಾರುಗಳು ನುಗ್ಗದೆ ಉಳಿದ ಒಂದೇ ಒಂದು ಜಾಗದಲ್ಲಿ, ಎತ್ತರದ ಕಾಂಪೌಂಡ್ ಗೋಡೆಗೆ ಎದುರಾಗಿ, ಹಳದಿ ಚೆಂಡನ್ನು ಹೊಡೆಯುತ್ತಿದ್ದಳು. ಟಪ್, ಟಪ್, ಟಪ್. ಗೋಡೆಯಿಂದ ಬಂದ ಚೆಂಡು ಒಂದು ಸಲವೂ ನೆಲ ಮುಟ್ಟಲಿಲ್ಲ. ವಸಂತ ಆಫೀಸಿನಿಂದ ಬಂದು ದಿನಾ ಕುರ್ಚಿಯ ಮೇಲೆ ಕೂತು ಕಲಿಸಿದ ಹುಡುಗಿ. ಜೊತೆಗೆ ಆಡುವವರು ಇಲ್ಲಿ ಹತ್ತಿರದಲ್ಲಿ ಅವಳಿಗೆ ಯಾರೂ ಇಲ್ಲ, ವಸಂತಳ ಮೊಣಕಾಲು ಮುಗಿದಿದೆ. ಆ ಗೋಡೆಯೇ ಎದುರಾಳಿ.

“ಮೊಣಕೈ ಇಳಿಸು,” ಎಂದೆ. ಅಭ್ಯಾಸಬಲ, ತಡೆಯಲಾಗಲಿಲ್ಲ.

ಅವಳು ಇಳಿಸಿದಳು. ಮುಂದಿನ ಹೊಡೆತ ಗೋಡೆಗೆ ಬಿದ್ದ ಸದ್ದೇ ಬೇರೆ. ತಿರುಗಿ ನಕ್ಕಳು. “ನಮಸ್ಕಾರ್ರಿ ಮೇಡಮ್. ಕನ್ನಡ ಥೋಡಾ ಥೋಡಾ ಬರ್ತದ್ರಿ. ನೀವು ಬಯ್ರಿ, ಚಲೋ ಅನಸ್ತದ.”

ಮಹಬೂಬ್ ಅಂಗಡಿಯಿಂದ ಚಹಾ ಕಳಿಸಿ, ತಾವೂ ಬಂದು ನಿಂತರು. ಮುಂದಿನ ಭಾನುವಾರ ಜೂನಿಯರ್ ತಂಡದ ಆಯ್ಕೆ. “ಟೀಮಿನ್ಯಾಗ ಬಂದ್ಲಂದ್ರ ಸ್ಪೋರ್ಟ್ಸ್ ಕೋಟಾದಾಗ ಇಲ್ಲೇ ಕಾಲೇಜಿಗೆ ಸೀಟ್ ಕೊಡ್ತೀವಿ ಅಂದಾರ್ರಿ ಅಕ್ಕಾರ. ಇಲ್ಲಂದ್ರ ಊರಿಗೆ ಕಳಸಬೇಕಾಗ್ತದ, ಅವರಜ್ಜಿ ಕಡೆ. ಅಲ್ಲೇ ಏನ್ ಓದು, ಏನ್ ಆಟ? ಲಗ್ನದ ಮಾತು ಸುರು ಮಾಡ್ತಾರ,” ಎಂದರು. ರುಬೀನಾ ಅದು ಕೇಳಿಸದವಳಂತೆ ಹೊಡೆಯುತ್ತಲೇ ಇದ್ದಳು. ಕತ್ತಲಾಗಿ ಚೆಂಡು ಕಾಣದಂತಾದ ಮೇಲೆ ಎಲ್ಲರೂ ಮೇಲೆ ಹೋದೆವು.

ಶನಿವಾರ ಬೆಳಿಗ್ಗೆ ಶೇಷಾದ್ರಿ ರೇಷ್ಮೆ ಪಂಚೆ ಉಟ್ಟು ಬಂದು, “ಅತ್ತಿಗೆ, ಬೇಗ ರೆಡಿಯಾಗಿ, ಮುಹೂರ್ತ ಮೀರುತ್ತೆ,” ಎಂದರು.

“ಯಾತರ ಮುಹೂರ್ತ?”

“ಚಿತ್ರದ್ದು. ಪೇಂಟರ್ ಸೋಮವಾರ ಬರ್ತಾನೆ. ನಾಳೆ ಅಮಾವಾಸ್ಯೆ, ಶುಭಕಾರ್ಯ ಬೇಡ ಅಂದ್ರು ಭಟ್ರು. ಅದಕ್ಕೆ ಇವತ್ತೇ ಪೂಜೆ ಮಾಡಿ ಮುಗಿಸಿಬಿಡೋಣ ಅಂತ.”

“ಯಾರ ಚಿತ್ರ ಅನ್ನೋದು ನಾಳೆ ತಾನೇ ತೀರ್ಮಾನ ಆಗೋದು? ಇವತ್ತು ಪೂಜೆ ಯಾರಿಗೆ?”

“ಗೋಡೆಗೆ ಅತ್ತಿಗೆ. ಯಾರು ಗೆದ್ರೂ ಅವರಿಗೇ ಅನ್ವಯ ಆಗುತ್ತೆ.”

ನಗು ಬಂತು. ನಕ್ಕೆ ಕೂಡ. ನಮ್ಮ ಜನ ಹೊಸ ಮಿಕ್ಸಿಗೂ ಕುಂಕುಮ ಇಡುವವರು, ಗೋಡೆ ಯಾವ ಲೆಕ್ಕ ಅಂದುಕೊಂಡೆ. ಖಾಲಿ ಗೋಡೆಗೆ ಚೆಂಡುಹೂವಿನ ಹಾರ ಹಾಕಿದ್ದರು. ಹಿರಿಯಳು ಅಂತ ಅರಿಸಿನ ಕುಂಕುಮ ಹಚ್ಚುವ ಕೆಲಸ ನನಗೇ ಬಂತು, ಹಚ್ಚಿದೆ. ಭಟ್ಟರು ಸಂಕಲ್ಪ ಮಾಡುವಾಗ ಯಾರ ಹೆಸರು ಹೇಳಬೇಕೆಂದು ತಡವರಿಸಿ ‘ಭವಿಷ್ಯತ್ ಕ್ರೀಡಾಪಟು’ ಎಂದು ಏನೋ ಹೊಂದಿಸಿದರು. ತೆಂಗಿನಕಾಯಿ ಚೆನ್ನಾಗಿ ಒಡೆಯಿತು ಎಂದು ಎಲ್ಲರಿಗೂ ಸಂತೋಷ. ಕೇಸರಿಬಾತು ಹಂಚಿದರು.

ಅಲ್ಲಿಂದ ನಾನೂ ಶೇಷಾದ್ರಿಯೂ ದಹಿಸರಿಗೆ ಹೊರಟೆವು. ಬಣ್ಣ ಪುಕ್ಕಟೆ ಕೊಡುವ ದಾನಿ ಸುಧಾಕರಣ್ಣನ ಅಂಗಡಿ ಅಲ್ಲಿದೆ. ತೀರ್ಪುಗಾರರೇ ಹೋಗಿ ಕರೆದರೆ ಗೌರವ ಎಂದು ನನ್ನನ್ನು ಎಳೆದುಕೊಂಡು ಹೋದರು. ದಾದರಿನಲ್ಲಿ ಲೋಕಲ್ ಹತ್ತಬೇಕು. ಟಿಕೆಟ್ ಹತ್ತು ಹದಿನೈದು ರೂಪಾಯಿ, ದೂರ ಮಾತ್ರ ಮುಂಬಯಿಯ ಬಡಗಣ ಕೊನೆಯವರೆಗೆ. ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ಅವರು ಬೇರೆ ಡಬ್ಬಿಗೆ ಓಡಿದರು. ನಿಲ್ಲಲು ಒಂದು ಪಾದದಷ್ಟು ಜಾಗ ಸಿಕ್ಕಿತು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಅಂಧೇರಿ ದಾಟಿದ ಮೇಲೆ ತನ್ನ ಸೀಟನ್ನು ನನಗೆ ಬಿಟ್ಟುಕೊಟ್ಟಳು. ಎದುರಿಗಿದ್ದ ಇಬ್ಬರು ಕಾಲೇಜು ಹುಡುಗಿಯರು ಫೋನಿನಲ್ಲಿ ಅದೇ ಬ್ಯಾಟ್ಸ್‌ಮನ್ನನ್ನೂ ಭರ್ಜಿ ಎಸೆಯುವ ಹುಡುಗನನ್ನೂ ಅಕ್ಕಪಕ್ಕ ಇಟ್ಟು ಯಾರು ಚಂದ ಎಂದು ಜಗಳವಾಡುತ್ತಿದ್ದರು. ಅವರ ಜಗಳವಾದರೂ ಪ್ರಾಮಾಣಿಕ. ಅದಕ್ಕೆ ಸಂಸ್ಕೃತಿ ಅಂತ ಹೆಸರಿಟ್ಟಿರಲಿಲ್ಲ.

ಸುಧಾಕರಣ್ಣ ಉಡುಪಿ ಕಡೆಯವರು. ಅಂಗಡಿಯೊಳಗೆ ಡಬ್ಬಿಗಳ ಸಾಲಿನ ನಡುವೆ ಫ್ಯಾನಿನ ಕೆಳಗೆ ಕೂರಿಸಿ ಎಳನೀರು ತರಿಸಿದರು. “ಎಂತದು ಮಾರಾಯ್ರೆ, ಚರ್ಚೆ ಯಾಕೆ? ಕ್ರಿಕೆಟಿನವನೇ ಆಗ್ಬೇಕು,” ಎಂದರು.

“ಯಾಕೆ?” ಎಂದೆ.

“ನನ್ನತ್ರ ನೀಲಿ ಬಣ್ಣ ತುಂಬಾ ಉಂಟು. ಜರ್ಸಿಗೆ ಸರಿ ಆಗ್ತದೆ.”

ಶೇಷಾದ್ರಿ ಭರ್ಜಿಯವನ ಪಕ್ಷ. ಅವರಿಗೆ ಮುಖ ಕಪ್ಪಿಟ್ಟಿತು. “ಸುಧಾಕರಣ್ಣ, ಭರ್ಜಿಯವನೂ ನೀಲಿಯೇ ಹಾಕೋದು,” ಎಂದರು. ಅವನು ಹಾಕುವುದು ಇಷ್ಟೇ ಇಷ್ಟು ಬನಿಯನ್, ಅದಕ್ಕೆ ಎಷ್ಟು ಬಣ್ಣ ಹಿಡಿದೀತು ಎಂದು ಇಬ್ಬರೂ ಕೂತು ವಾದ ಮಾಡಿದರು. ಎಳನೀರು ಮುಗಿಸಿ, ನಾಳೆ ಬನ್ನಿ ಎಂದು ಕೈಮುಗಿದು ಎದ್ದೆ. ಅಲ್ಲಿಯವರೆಗೂ ನನಗೆ ಇದೆಲ್ಲ ನಗೆಯ ವಿಷಯವೇ ಆಗಿತ್ತು.

ಸಂಜೆ ವಡಾಲಕ್ಕೆ ಮರಳಿದಾಗ ಟಪ್ ಟಪ್ ಸದ್ದು ಇರಲಿಲ್ಲ. ಗೋಡೆಯ ಮುಂದೆ ಹಗ್ಗ ಕಟ್ಟಿ, ರಟ್ಟಿನ ಮೇಲೆ ‘ಪೂಜಾಸ್ಥಳ. ಚೆಂಡಾಟ ನಿಷೇಧ. ಚಪ್ಪಲಿ ಹೊರಗೆ ಬಿಡಿ’ ಎಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದು ತೂಗುಹಾಕಿದ್ದರು. ವಾಚ್‌ಮನ್ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದ. ಮನೆಗೆ ಹೋದರೆ ವಸಂತ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಅಳುತ್ತಿದ್ದಳು.

“ಪೂಜೆ ಆದ ಗೋಡೆ ಅಂತೆ ಅಕ್ಕ. ಚೆಂಡು ತಾಗಬಾರದಂತೆ. ಅವಳನ್ನ ಎಲ್ಲರ ಎದುರಿಗೇ ಗೇಟಿನಾಚೆ ಕಳಿಸಿದರು. ಮೂರನೇ ಮಹಡಿಯವರು ಅಂದ್ರು, ‘ಒಳ್ಳೇದೇ ಆಯ್ತು ಬಿಡಿ, ಹೊರಗಿನವರು ಒಳಗೆ ಬರೋದು ನಿಂತಂಗಾಯ್ತು’ ಅಂತ.”

ನನಗೆ ಮೈಯೆಲ್ಲ ಉರಿದುಹೋಯಿತು. ಶೇಷಾದ್ರಿ ನಡುಮನೆಯಲ್ಲಿ ನಾಳೆಯ ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದರು.

“ರೀ ಶೇಷಾದ್ರಿ, ಆ ಗೋಡೆ ಮೇಲೆ ಯಾರಿದ್ದಾರೆ?”

“ಇನ್ನೂ ಯಾರೂ ಇಲ್ಲ ಅತ್ತಿಗೆ.”

“ಮತ್ತೆ ಚೆಂಡು ಬಿದ್ರೆ ಯಾರಿಗೆ ನೋವಾಗುತ್ತೆ?”

“ಅದು ಭಾವನೆಯ ಪ್ರಶ್ನೆ. ಒಂದು ಸಲ ಪೂಜೆ ಆದ್ಮೇಲೆ...”

“ಆಟಗಾರರನ್ನ ಮೆರೆಸೋಕೆ ಆಟ ಆಡೋ ಮಗೂನ ಓಡಿಸ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಮುಂದಿನ ಭಾನುವಾರ ಅದಕ್ಕೆ ಸೆಲೆಕ್ಷನ್!”

“ಒಂದು ವಾರ ಬೇರೆ ಎಲ್ಲಾದ್ರೂ ಆಡ್ಲಿ,” ಎಂದರು. ಎಲ್ಲಿ ಎಂದು ಕೇಳಿದೆ. “ನಾಳೆ ನಿರ್ಣಯ ಆಗ್ಲಿ, ಮಾತಾಡೋಣ,” ಎಂದು ಭಾಷಣದ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದರು. ಆ ರಾತ್ರಿ ನಾನು ಅವರ ಎದುರು ಊಟಕ್ಕೆ ಕೂರಲಿಲ್ಲ.

ಭಾನುವಾರ ಟೆರೇಸಿನ ಶಾಮಿಯಾನದಲ್ಲಿ ಜನ ತುಂಬಿದ್ದರು. ಆಮಂತ್ರಣದಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂದು ಅಚ್ಚು ಮಾಡಿಸಿದ್ದರು. ಅದೊಂದೇ ನನ್ನ ಧೈರ್ಯ. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಸುಧಾಕರಣ್ಣ ಬ್ಯಾಟ್ಸ್‌ಮನ್ ಪರವಾಗಿ ಮಾತಾಡಿ, ಅವನು ಸೊನ್ನೆಗೆ ಔಟಾದ ದಿನ ತಾನು ಊಟ ಬಿಟ್ಟದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ಶೇಷಾದ್ರಿ ಭರ್ಜಿಯನ್ನು ಪುರಾಣಕ್ಕೆ ತಗುಲಿಹಾಕಿದರು. ಮೂರನೆಯ ಮಹಡಿಯ ಪದ್ಮಾ ಅವರು ಬಾಕ್ಸಿಂಗ್ ಆಡುವ ಹೆಣ್ಣುಮಗಳೇ ಇಂದಿನ ಸ್ತ್ರೀಶಕ್ತಿ ಎಂದು ಮೇಜು ಗುದ್ದಿದರು. ನಿನ್ನೆ ಒಬ್ಬ ಹೆಣ್ಣುಮಗಳು ಗೇಟಿನಾಚೆ ಹೋದದ್ದು ಒಳ್ಳೆಯದಾಯಿತು ಎಂದ ಬಾಯಿಯೂ ಅದೇ. ಒಬ್ಬ ಯುವಕ ಎದ್ದು, “ಆಕ್ಚುಲಿ, ರೆಲೆವೆನ್ಸ್ ಅಂದ್ರೆ ಫಾಲೋವರ್ಸ್ ಕಿತ್ನೇ ಹೈ, ಅದೇ ನೋಡ್ಬೇಕು ಅಂಕಲ್,” ಎಂದ. ಎಲ್ಲರೂ ಒಟ್ಟಿಗೆ ಕೂಗಾಡಿದರು. ಮೈಕು ಕೈಯಿಂದ ಕೈಗೆ ಕಿತ್ತಾಡಿಕೊಂಡು ಹೋಯಿತು.

ಕೊನೆಗೆ ನನ್ನ ಸರದಿ. ಶಾಲು ಸರಿಪಡಿಸಿಕೊಂಡು ಎದ್ದು ನಿಂತೆ.

“ಯಾರೂ ಅಲ್ಲ,” ಎಂದೆ. “ನೀವು ಹೇಳಿದ ಯಾರಿಗೂ ನಿಮ್ಮ ಸಂಸ್ಕೃತಿಗೂ ಸಂಬಂಧ ಇಲ್ಲ. ಅವರೆಲ್ಲ ಚಿಕ್ಕವರಾಗಿದ್ದಾಗ ಯಾವುದೋ ಗೋಡೆಗೆ, ಯಾವುದೋ ಮರಕ್ಕೆ ಹೊಡೆದು ಹೊಡೆದೇ ಮೇಲೆ ಬಂದವರು. ನಿಮ್ಮ ಬಿಲ್ಡಿಂಗಲ್ಲಿ ಹುಟ್ಟಿದ್ರೆ ಅವರನ್ನೂ ಗೇಟಿನಾಚೆ ಕಳಿಸ್ತಿದ್ರಿ. ಗೋಡೆ ಖಾಲಿ ಇರಲಿ. ಹಗ್ಗ ಬಿಚ್ಚಿ. ರುಬೀನಾ ನಾಳೆಯಿಂದ ಅಲ್ಲೇ ಆಡ್ತಾಳೆ. ಇದೇ ನನ್ನ ತೀರ್ಪು.”

ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಆದದ್ದೇನು ಗೊತ್ತೇ? ಚಪ್ಪಾಳೆ! ಸುಧಾಕರಣ್ಣ ಎದ್ದುನಿಂತು ತಟ್ಟಿದರು. ಪದ್ಮಾ ಅವರು “ಎಂಥ ಮಾರ್ಮಿಕ ಮಾತು!” ಎಂದು ನನ್ನ ಕೈ ಹಿಡಿದರು. ಶೇಷಾದ್ರಿ ಮೈಕಿಗೆ ಬಾಯಿ ಹಚ್ಚಿ, ಮೇಡಂ ನಮ್ಮ ಆತ್ಮಸಾಕ್ಷಿಯನ್ನು ಬಡಿದೆಬ್ಬಿಸಿದ್ದಾರೆ, ಅವರ ಆಶಯದಂತೆ ಅವಸರ ಮಾಡದೆ ಒಂದು ಸಮಿತಿ ರಚಿಸಿ ಸೂಕ್ತ ತಾರೆಯನ್ನು ಆರಿಸೋಣ, ಅಲ್ಲಿಯವರೆಗೆ ಗೋಡೆಯ ಪಾವಿತ್ರ್ಯವನ್ನು ಎಲ್ಲರೂ ಕಾಪಾಡೋಣ ಎಂದರು. ಮತ್ತೆ ಚಪ್ಪಾಳೆ. ಬಿಸಿಬೇಳೆಬಾತಿನ ವಾಸನೆ ಬಂತು, ಜನ ಎದ್ದರು. ನನ್ನ ಸಿಟ್ಟನ್ನು ಭಾಷಣ ಅಂತ ನುಂಗಿ ನೀರು ಕುಡಿದುಬಿಟ್ಟರಲ್ಲ, ಥೂ, ಇವರ ಜನ್ಮಕ್ಕಿಷ್ಟು!

ಶಾಲು ಹೆಗಲ ಮೇಲೆ ಇದ್ದ ಹಾಗೇ ಕೆಳಗಿಳಿದೆ. ಮನೆಯಿಂದ ಒಂದು ಚೆಂಡು, ವಸಂತಳ ಹಳೆಯ ರ‍್ಯಾಕೆಟ್ ತೆಗೆದುಕೊಂಡೆ. ಅಂಗಡಿಯಲ್ಲಿ ಅಪ್ಪನಿಗೆ ಹತ್ತಿ ತುಂಬಿಕೊಡುತ್ತ ಕೂತಿದ್ದ ರುಬೀನಾಳನ್ನು ಕೈಹಿಡಿದು ಎಬ್ಬಿಸಿಕೊಂಡು ಗೋಡೆಯ ಹತ್ತಿರ ಹೋದೆ. ವಾಚ್‌ಮನ್ ಸ್ಟೂಲಿನಿಂದ ಎದ್ದ. ಶಾಲು ನೋಡಿ ಮತ್ತೆ ಕೂತ. ಹಗ್ಗ ದಾಟಿ, ಚಪ್ಪಲಿ ಕಾಲಲ್ಲೇ ನಿಂತು, ಹೊಡೆದೆ. ಚೆಂಡು ಸರಿಯಾಗಿ ಕುಂಕುಮದ ಮೇಲೆ ಬಿತ್ತು. ಕೆಂಪಾಗಿ ತಿರುಗಿ ಬಂತು. ಮತ್ತೆ ಹೊಡೆದೆ. ಹಾರದ ಹೂಗಳು ಉದುರಿದವು. ಊಟದ ತಟ್ಟೆ ಹಿಡಿದವರು ಟೆರೇಸಿನಿಂದ ಬಗ್ಗಿ ನೋಡಿದರು. ಶೇಷಾದ್ರಿ ಓಡಿಬಂದರು.

“ಅತ್ತಿಗೆ, ಏನಿದು? ಕುಂಕುಮ ಅಳಿಸ್ತಿದೀರಲ್ಲ!”

“ಹಚ್ಚಿದವಳು ನಾನೇ ತಾನೇ? ನನ್ನ ಕುಂಕುಮ, ನಾನು ಅಳಿಸ್ತೀನಿ. ಹೋಗಿ ಊಟ ಮಾಡಿ!”

ಅವರು ಬಂದ ದಾರಿಯಲ್ಲೇ ಹಿಂದೆ ಹೋದರು. ನನಗೆ ಗೆದ್ದಷ್ಟು ಖುಷಿಯಾಯಿತು. ಏದುಸಿರು ಬಿಡುತ್ತ ರ‍್ಯಾಕೆಟನ್ನು ರುಬೀನಾಳ ಕಡೆ ಚಾಚಿದೆ. “ತಗೋ, ಈಗ ನೀನು ಹೊಡಿ. ಯಾರು ಏನಂತಾರೋ ನೋಡ್ತೀನಿ.”

ಅವಳು ಹಗ್ಗದ ಆಚೆಗೇ ನಿಂತಿದ್ದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು.

“ನೀವು ಹೊಡದ್ರ ನಡೀತದ್ರಿ ಮೇಡಮ್,” ಎಂದಳು, ಮೆಲ್ಲಗೆ. “ನಾ ಹೊಡದ್ರ ನಡ್ಯೂದಿಲ್ರಿ. ನೀವು ನಾಳಿ ಹೋಗ್ತೀರಿ. ಅಬ್ಬಾಂದು ದುಕಾನ್ ಇಲ್ಲೇ ಅದ.”

ರ‍್ಯಾಕೆಟ್ ಚಾಚಿದ ಕೈ ಹಾಗೇ ಉಳಿಯಿತು. ಅವಳು ತನ್ನ ಕಾಲ ಬಳಿ ಉರುಳಿ ಬಂದಿದ್ದ ಚೆಂಡನ್ನು ಬಗ್ಗಿ ಎತ್ತಿಕೊಂಡು, ಅದಕ್ಕೆ ಅಂಟಿದ್ದ ಕುಂಕುಮವನ್ನು ದುಪಟ್ಟಾದ ಅಂಚಿನಲ್ಲಿ ಒರೆಸಿ, ನನಗೆ ಕೊಟ್ಟು ಹೋದಳು. ಮೇಲಿದ್ದವರೆಲ್ಲ ಶಾಮಿಯಾನದೊಳಗೆ ಹೋಗಿ ಪಾಯಸ ಬಡಿಸಿಕೊಂಡರು.

ಆ ರಾತ್ರಿ ವಸಂತಳ ಕೈಗೆ ಚೆಂಡು ಕೊಟ್ಟು, ರುಬೀನಾಳನ್ನು ಬಿಡಬೇಡ ಎಂದೆ. ಅವಳು ಚೆಂಡನ್ನು ಕೈಚೀಲಕ್ಕೆ ಹಾಕಿಕೊಂಡಳು.

ಸೋಮವಾರ ಹೊರಡುವ ಹೊತ್ತಿಗೆ ಮನೆಯಲ್ಲಿ ವಸಂತ ಇರಲಿಲ್ಲ. ಬ್ಯಾಂಕಿಗೆ ಬೇಗ ಹೋಗಿರಬೇಕು, ಹೇಳದೆ ಹೋದಳಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಗೋಡೆಗೆ ಹೊಸ ಹಾರ ಬಂದಿತ್ತು, ಹೊಸ ಕುಂಕುಮ ಬಂದಿತ್ತು. ಅದರ ಮುಂದೆ ಶೇಷಾದ್ರಿ, ಪದ್ಮಾ, ಇನ್ನೂ ಮೂರು ನಾಲ್ಕು ಜನ ಚಪ್ಪಲಿ ಬಿಟ್ಟು ನಿಂತು, ಸಮಿತಿಯ ಮೊದಲ ಸಭೆ ನಡೆಸುತ್ತಿದ್ದರು. ಬ್ಯಾಟ್ಸ್‌ಮನ್ನೋ ಭರ್ಜಿಯೋ, ಇನ್ನೂ ಅಲ್ಲೇ ಇದ್ದರು. ಯಾರಿಗೂ ಹೇಳದೆ ಟ್ಯಾಕ್ಸಿ ಹತ್ತಿದೆ.

ಟ್ಯಾಕ್ಸಿ ಗೇಟು ದಾಟಿ, ಎಡಕ್ಕೆ ತಿರುಗಿ, ಕಾಂಪೌಂಡಿನ ಹೊರಬದಿಯ ರಸ್ತೆಗೆ ಬಂತು. ಬಂದರಿನ ಗೋದಾಮುಗಳಿಗೆ ಹೋಗುವ ಲಾರಿಗಳ ರಸ್ತೆ ಅದು. ಅದೇ ಗೋಡೆಯ ಈಚೆ ಬದಿ. ಬಣ್ಣ ಕಾಣದ್ದು, ಡ್ರೈವರುಗಳು ನಿಂತು ಉಚ್ಚೆ ಹೊಯ್ದು ಬುಡವೆಲ್ಲ ಕಪ್ಪಾದದ್ದು. ಅದಕ್ಕೆ ಯಾರೂ ಪೂಜೆ ಮಾಡಿರಲಿಲ್ಲ.

ಟಪ್. ಟಪ್. ಟಪ್.

ನಿಂತ ಎರಡು ಲಾರಿಗಳ ನಡುವಿನ ಜಾಗದಲ್ಲಿ ರುಬೀನಾ ಹೊಡೆಯುತ್ತಿದ್ದಳು. ಅವಳ ಬೆನ್ನ ಹಿಂದೆ, ನಡುರಸ್ತೆಯಲ್ಲಿ, ಆಫೀಸಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ತಂಗಿ ನಿಂತಿದ್ದಳು. ಎರಡೂ ಕೈ ಅಗಲಿಸಿ, ಹಾರ್ನ್ ಹೊಡೆಯುತ್ತಿದ್ದ ಒಂದು ಟೆಂಪೋವನ್ನು ತಡೆದು ಹಿಡಿದಿದ್ದಳು. ಟೆಂಪೋದವನು ಹಿಂದಿಯಲ್ಲಿ ಬಯ್ಯುತ್ತಿದ್ದ. ವಸಂತ ಅವನಿಗಿಂತ ಜೋರಾಗಿ ಮೈಸೂರಿನ ಕನ್ನಡದಲ್ಲಿ ಬಯ್ಯುತ್ತಿದ್ದಳು. ಗೋಡೆಯ ಆಚೆಯಿಂದ ಪದ್ಮಾ ಅವರ ದನಿ ಕೇಳುತ್ತಿತ್ತು, ಸ್ತ್ರೀಶಕ್ತಿ, ಸ್ತ್ರೀಶಕ್ತಿ ಎಂದು.

“ನಿಲ್ಲಿಸಪ್ಪ,” ಎಂದೆ. ಟ್ಯಾಕ್ಸಿಯವನು ಗಾಡಿ ತಪ್ಪುತ್ತೆ ಅಂದ. ತಪ್ಪಲಿ ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಇದ್ದಷ್ಟೂ ದನಿ ತೆಗೆದು ಕೂಗಿದೆ.

“ಮೊಣಕೈ!”

ಅವಳು ತಿರುಗಿ ನೋಡಲಿಲ್ಲ. ಮೊಣಕೈ ಇಳಿಸಿದಳು.